ದೋಣಿಯ ಹಿಂದಿನ ಹಲಗೆ

ದೋಣಿ ಮೊದಲು ಹೇಗಿತ್ತೋ ಹಾಗೇ ಆಗಬೇಕು ಎಂದು ರಘುವೀರ ವಕೀಲರು ನಕ್ಷೆಯ ಮೇಲೆ ಬೆರಳು ಕುಟ್ಟಿದಾಗ ಸಮತಾಳಿಗೆ ಮೈಯೆಲ್ಲ ಉರಿಯಿತು. ಹೇಗಿತ್ತು ಅಂತ ಇವರಿಗೇನು ಗೊತ್ತು ಮಣ್ಣು? ಇವರು ಕೂತದ್ದು ಮುಂದೆ, ಅಜ್ಜನ ತೊಡೆಯ ಮೇಲೆ.

ದೋಣಿ ವಕೀಲರ ಮನೆತನದ್ದು. ವರದಾ ನದಿಗೆ ಸೇತುವೆ ಆಗುವ ಮೊದಲು ಊರಿನವರನ್ನು ದಾಟಿಸುತ್ತಿತ್ತು. ಆಮೇಲೆ ಹುಣಸೆಮರದ ಕೆಳಗೆ ಮಗುಚಿ ಬಿದ್ದು ಒಣಗಿತ್ತು. ಅದನ್ನು ರಿಪೇರಿ ಮಾಡಿಸಿ, ಹಾನಗಲ್ಲಿನ ಕೆರೆಗೆ ಬಿಟ್ಟು, ಬಂದ ಅತಿಥಿಗಳೆದುರು ಮೆರೆಯುವ ಹುಕಿ ಈಗ ಅವರಿಗೆ. ಊರಲ್ಲಿ ಅಂಗಡಿ, ಅಡುಗೆಮನೆಗಳ ಒಳಾಂಗಣ ಮಾಡುವ ಸಮತಾಳಿಗೆ ಕೆಲಸ ಕೊಟ್ಟರು. ಅವಳು ಒಪ್ಪಿದ್ದು ಒಂದೇ ಆಸೆಗೆ. ಅವಳ ಅವ್ವ ಮಂಜವ್ವ ಆ ದೋಣಿಯಲ್ಲಿ ಒಂದು ದಿನವೂ ಕೂತಿರಲಿಲ್ಲ. ಅವರ ಕೇರಿಯವರು ಹತ್ತಬೇಕಾದರೆ ಹಿಂದೆ, ಸೋರಿದ ನೀರು ಬಂದು ಸೇರುವ ಗುಂಡಿಯಲ್ಲಿ ನಿಂತು, ದಡ ಮುಟ್ಟುವವರೆಗೆ ಡಬ್ಬಿಯಿಂದ ನೀರು ಎತ್ತಿ ಚೆಲ್ಲಬೇಕಿತ್ತು. ಆಚೆಯ ಹೊಲಗಳಿಗೆ ಕಳೆ ಕೀಳಲು ಹೋಗುತ್ತಿದ್ದ ಮಂಜವ್ವ ಮದುವೆಯಾಗುವ ತನಕ ಹಾಗೇ ಎತ್ತಿದ್ದಳು. ಅದೇ ದೋಣಿಯಲ್ಲಿ ಅವ್ವನನ್ನು ಕೂರಿಸಬೇಕು, ಸಮತಾಳಿಗೆ ಬೇಕಿದ್ದದ್ದು ಅಷ್ಟೇ.

ವಕೀಲರ ನಕ್ಷೆಯಲ್ಲಿ ಮುಂದೆ ಬೆನ್ನಿಗೆ ಆನಿಕೆಯಿದ್ದ ಎತ್ತರದ ಆಸನ, ನಡುವೆ ಎದುರುಬದುರು ಬೆಂಚುಗಳು. ಹಿಂದೆ ಬರೀ ಖಾಲಿ. ಅಲ್ಲೊಂದು ಐಸ್ ಪೆಟ್ಟಿಗೆ ಕೂರಿಸು ಎಂದರು.

"ಅಲ್ಲಿ ನಮ್ಮವ್ವ ನಿಂದರ್ತಿದ್ಲ್ರಿ," ಎಂದಳು ಸಮತಾ. "ಅಲ್ಲೊಂದು ಹಲಗಿ ಹಾಕ್ತೇನಿ."

ಹಳೆಯದನ್ನು ಕೆದಕಿ ಏನು ಬರುತ್ತದೆ, ಆಗ ಯಾರೂ ಯಾರನ್ನೂ ಬಲವಂತ ಮಾಡಿರಲಿಲ್ಲ, ಅಜ್ಜ ಪುಣ್ಯಕ್ಕೆ ದಾಟಿಸುತ್ತಿದ್ದರು ಎಂದು ವಕೀಲರು ತಲೆ ತಿಂದರು. ಆಮೇಲೆ ಮುಖ ಅರಳಿಸಿಕೊಂಡು, ಬೇಕಿದ್ದರೆ ಒಬ್ಬ ಹೆಂಗಸಿನ ಕೈಗೆ ಡಬ್ಬಿ ಕೊಟ್ಟು ಅಲ್ಲಿ ನಿಲ್ಲಿಸೋಣ, ಫೋಟೋಕ್ಕೆ ಚೆನ್ನಾಗಿರುತ್ತದೆ ಎಂದರು. ಅಬ್ಬಾ, ಎಂಥ ತಲೆ! ಸಮತಾ ಅಳತೆ ಟೇಪನ್ನು ಫಟ್ಟನೆ ಮುಚ್ಚಿದಳು. ಹಲಗೆ ಬೇಕೇ ಬೇಕು, ಮೊದಲ ದಿನ ಅದರ ಮೇಲೆ ಅವ್ವ ಕೂರುತ್ತಾಳೆ, ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಮುಖಕ್ಕೆ ಹೊಡೆದಂತೆ ಹೇಳಿದಳು. ಅತಿಥಿಗಳನ್ನು ಕರೆದಾಗಿತ್ತು. ವಕೀಲರು ಹಲ್ಲು ಕಚ್ಚಿ ಒಪ್ಪಿದರು.

ಆಮೇಲೆ ಇಬ್ಬರ ನಡುವೆ ಮಾತಿಲ್ಲ, ಏನಿದ್ದರೂ ಆಳುಗಳ ಮೂಲಕ. ಮುಂದಿನ ಆಸನ ಒಂದು ಗೇಣು ಎತ್ತರಿಸಲು ಅವರು ಹೇಳಿಕಳಿಸಿದರೆ ಇವಳು ಹಿಂದಿನ ಹಲಗೆಯನ್ನೂ ಅಷ್ಟೇ ಎತ್ತರಿಸಿದಳು. ಅವರು ಮೆತ್ತೆ ತರಿಸಿದರು, ಇವಳೂ ಮೆತ್ತೆ ಹೊಲಿಸಿದಳು. ಒಣಗಿದ ಕಟ್ಟಿಗೆ ನೀರು ಕುಡಿದು ಉಬ್ಬುವ ತನಕ ಸಂದುಗಳು ಸೋರುತ್ತವೆ, ನಾಲ್ಕಾರು ದಿನ ದಡದ ನೀರಲ್ಲೇ ನೆನೆಯಲಿ ಎಂದೂ ಹೇಳಿಕಳಿಸಿದಳು. ಇವಳ ಮಾತು ಕೇಳಿದರೆ ಎಲ್ಲಿ ಸಣ್ಣವರಾಗಿಬಿಡುತ್ತಾರೋ! ವಕೀಲರು ಅತಿಥಿಗಳು ಬಂದ ದಿನವೇ ಒಣ ದೋಣಿಯನ್ನು ಕೆರೆಗಿಳಿಸಿ, ಹೊಸ ಬೂಟು ಹಾಕಿಕೊಂಡು ಮುಂದೆ ಏರಿ ಕೂತರು. ಸಮತಾ ಅವ್ವನ ಕೈ ಹಿಡಿದು ಹಿಂದಿನ ಹಲಗೆಯ ಮೇಲೆ ಕೂರಿಸಿ, ತಾನು ನಡುವಿನ ಬೆಂಚಿನಲ್ಲಿ ಕೂತಳು. ಅಂಬಿಗ ಉಸ್ಮಾನಸಾಬ ಹುಟ್ಟು ಹಾಕಿದ.

ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲೇ ಸಂದುಗಳಿಂದ ನೀರು ನುಗ್ಗಿ, ಹಿಂದಕ್ಕೆ ಹರಿದು, ಮಂಜವ್ವನ ಪಾದ ಮುಳುಗಿಸಿತು.

"ಮಂಜೀ, ನೀರ ಎತ್ತ," ಎಂದರು ವಕೀಲರು, ತಿರುಗಿಯೂ ನೋಡದೆ.

ಅವರ ಬಾಯಿಂದ ಮಾತು ಬೀಳುವ ಮೊದಲೇ ಮಂಜವ್ವ ಬಗ್ಗಿಯಾಗಿತ್ತು. ಬಣ್ಣ ಬಳಿದವರು ಬಿಟ್ಟುಹೋಗಿ ಕಾಲಡಿ ತೇಲುತ್ತಿದ್ದ ಖಾಲಿ ಡಬ್ಬಿಯನ್ನು ಅವಳ ಕೈ ತಾನಾಗಿ ಹಿಡಿದು, ಒಮ್ಮೆ ಎತ್ತಿ ಚೆಲ್ಲಿಯೂ ಬಿಟ್ಟಿತು. ಸಮತಾಳಿಗೆ ಅಳು ಬಂತು. ಆ ಗಳಿಗೆಯಲ್ಲಿ ವಕೀಲರಿಗಿಂತ ಅವ್ವನ ಆ ಕೈಯ ಮೇಲೆಯೇ ಅವಳಿಗೆ ಹೆಚ್ಚು ಸಿಟ್ಟು ಬಂದಿತ್ತು.

"ಬಿಡಬೇ ಅದನ್ನ," ಎಂದಳು.

ಮಂಜವ್ವ ಡಬ್ಬಿ ನೋಡಿದಳು, ಮಗಳ ಮುಖ ನೋಡಿದಳು. ಆಮೇಲೆ ಡಬ್ಬಿಯನ್ನು ಬೀಸಿ ಕೆರೆಗೆ ಎಸೆದು, ಒದ್ದೆ ಕಾಲುಗಳನ್ನು ಮೇಲೆತ್ತಿ ಮೆತ್ತೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಮುಳಗಿದ್ರ ಮುಳಗಲಿ," ಎಂದಳು. "ನಾ ಕುಂತೇನಿ."

ಉಸ್ಮಾನಸಾಬ ಹುಟ್ಟು ಬಿಡುವಂತಿರಲಿಲ್ಲ. ಸಮತಾ ಕೈಕಟ್ಟಿ ಕೂತಳು, ಅಲುಗಲಿಲ್ಲ. ನೀರು ಬೆಂಚಿನ ಕಾಲು ಹತ್ತತೊಡಗಿತು. ದಡದಲ್ಲಿ ಅತಿಥಿಗಳು ಫೋಟೋ ತೆಗೆಯುತ್ತಿದ್ದರು. ರಘುವೀರ ವಕೀಲರು ಎತ್ತರದ ಆಸನದಿಂದ ಇಳಿದು, ಹೊಸ ಬೂಟಿನ ಸಮೇತ ಹಿಂದಿನ ಗುಂಡಿಗೆ ಕಾಲಿಟ್ಟು, ಮಂಜವ್ವನ ಮುಂದೆ ಬಗ್ಗಿ ಬೊಗಸೆಯಿಂದ ನೀರು ಎತ್ತತೊಡಗಿದರು.