ಅತ್ತೆಯ ಮೂಗು

ನಮ್ಮ ಅತ್ತೆ ಅಶ್ವತ್ಥಮ್ಮನವರಿಗೆ ಓದು ಬರಹ ಬಾರದು. ಬೇಕಾಗಿಯೂ ಇರಲಿಲ್ಲ, ಮೂಗಿತ್ತಲ್ಲ. ಜಂಗಮಕೋಟೆಯ ನಮ್ಮ ರೇಷ್ಮೆ ಹುಳುಮನೆಯಲ್ಲಿ ಯಾವ ಕ್ಯಾನಿನ ಮೇಲೂ ಹೆಸರು ಇರುತ್ತಿರಲಿಲ್ಲ. ಅಡುಗೆ ಎಣ್ಣೆ ಮುಗಿದ ಒಂದು ಕ್ಯಾನಿನಲ್ಲಿ ಸುಣ್ಣದ ತಿಳಿ, ಅದರ ಪಕ್ಕದ ಅಂಥದೇ ಕ್ಯಾನಿನಲ್ಲಿ ಡ್ರಿಪ್ ಪೈಪು ತೊಳೆಯುವ ಆಸಿಡ್. ಅತ್ತೆ ಮುಚ್ಚಳ ತೆಗೆದು ದೂರದಿಂದಲೇ ಮೂಸುವರು. ಮುಖ ಸಿಂಡರಿಸಿದರೆ ಆಸಿಡ್, ಇಲ್ಲವಾದರೆ ಸುಣ್ಣ. ನಾನು ಸೊಸೆಯಾಗಿ ಬಂದಾಗಿನಿಂದ ಇದೇ ಪದ್ಧತಿ. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದದ್ದನ್ನೂ ಬಾಗಿಲಲ್ಲೇ ನಿಂತು ಮೂಗಿನಲ್ಲಿ ಹಿಡಿಯುವರು. ಆಗೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಈ ಸಲ ಮನೆಯ ಕ್ಯಾನಿನಲ್ಲಿ ಆಸಿಡ್ ತಳ ಸೇರಿತ್ತು; ಇನ್ನೊಂದು ಕ್ಯಾನು ಹಿಡಿದು ತರಲು ಹೋದರೆ ಶಿಡ್ಲಘಟ್ಟದ ಅಂಗಡಿ ರಮೇಶ್‌ಬಾಬು ನನ್ನ ಖಾಲಿ ಕ್ಯಾನು ಮುಟ್ಟಲಿಲ್ಲ.

“ಬಿಡಿಯಾಗಿ ಹಾಕ್ಕೊಡಲ್ಲ ಕಣಮ್ಮ. ಸೀಲ್ ಕ್ಯಾನೇ ತಗೊಳ್ಳಿ. ಮೇಲೆ ಕೈ ಸುಡೋ ಚಿತ್ರ ಐತೆ, ಜೊತೆಗೆ ಈ ಹಾಳೆ. ಬೇರೆ ಡಬ್ಬಕ್ಕೆ ಸುರಿದ್ರೆ ಅದಕ್ಕೂ ಲೇಬಲ್ ಅಂಟಿಸ್ಬೇಕು.”

“ಇಷ್ಟು ವರ್ಷ ಇಲ್ದಿದ್ ಶಾಸ್ತ್ರ ಈಗ್ಯಾಕಪ್ಪ?” ಎಂದು ಗೊಣಗುತ್ತಲೇ ತಂದೆ. ಬಸ್ಸಿನಲ್ಲಿ ಹೊತ್ತು ಹೋಗದೆ ಹಾಳೆ ಓದಿದೆ. ಆಸಿಡ್ಡನ್ನು ಬ್ಲೀಚಿಂಗ್ ಪೌಡರಿಗೆ ಸೇರಿಸಬಾರದು, ಉಸಿರು ಕಟ್ಟಿಸುವ ವಿಷಗಾಳಿ ಏಳುತ್ತದೆ ಎಂದಿತ್ತು.

ಮನೆಗೆ ಬಂದರೆ ಅತ್ತೆ ಹುಳುಮನೆ ತೊಳೆಯಲು ಬ್ಲೀಚಿಂಗ್ ಪೌಡರ್ ಕಲಸಿದ್ದರು. ಅದಕ್ಕೆ ಸುಣ್ಣದ ತಿಳಿ ಬೆರೆಸುವುದು ವಾಡಿಕೆ. ಒಂದು ಕ್ಯಾನು ತೆರೆದು ಮೂಸಿದರು. ಬಾಗಿಲಲ್ಲಿದ್ದ ನನ್ನ ಗಂಟಲೇ ಉರಿಯಿತು, ಅವರ ಮುಖ ಮಾತ್ರ ಅಲುಗಲಿಲ್ಲ. ಕ್ಯಾನನ್ನು ತೊಟ್ಟಿಗೆ ಬಗ್ಗಿಸುವಷ್ಟರಲ್ಲಿ ಓಡಿ ಕೈ ಹಿಡಿದೆ.

“ಆಸಿಡ್ ಅದು! ಪ್ರಾಣ ಭಾರವಾಗೈತಾ ನಿಮ್ಗೆ?” ಎಂದು ಕೂಗಾಡಿಬಿಟ್ಟೆ. ನನ್ನ ಬಾಯಿ ಮೊದಲೇ ಜೋರು.

ಅತ್ತೆ ಅಲ್ಲೇ ಕುಸಿದು ಕೂತರು.

“ಹೋದ ವರ್ಷದ ಜ್ವರದಾಗೆ ಮೂಗು ಸತ್ತೋಯ್ತು ಕಣಮ್ಮ. ಕಾಪಿನೂ ಬಿಸ್ನೀರೇ ನನ್ಗೆ. ಇಷ್ಟ್ ದಿನ ಅಂದಾಜಿನ್ಮೇಲೆ ನಡ್ಸ್ದೆ. ಹೇಳಿದ್ರೆ ಹುಳುಮನೆಗೆ ಬರ್ಬೇಡ ಅಂತೀರ. ಇಲ್ಲಿಗೂ ಬರ್ದಿದ್ರೆ ನಾನು ಯಾಕಿರ್ಬೇಕು?”

ನನ್ನ ಕೋಪವೆಲ್ಲ ಜರ್ರನೆ ಇಳಿಯಿತು. ಒಂದು ವರ್ಷ ಒಂದೇ ಸೂರಿನಡಿ ಇದ್ದು ನನಗೆ ಗೊತ್ತಾಗಿರಲಿಲ್ಲ. ದುಃಖ ಉಕ್ಕಿ ಬಂತು.

ಹಾಳೆಯಲ್ಲಿದ್ದ ಕೈ ಸುಡುವ ಚಿತ್ರ ಕತ್ತರಿಸಿ ಹಳೆಯ ಆಸಿಡ್ ಕ್ಯಾನಿಗೂ ಅಂಟಿಸಿದೆ. ಅತ್ತೆ ಅದರ ಮೇಲೆ ಬೆರಳಾಡಿಸಿ, “ಈ ಸುಟ್ಟ ಕೈ ಇರೋದನ್ನ ಮುಟ್ಟಲ್ಲ ಬಿಡು” ಎಂದರು.

ಆದರೂ ಮರಿಹುಳು ಬಂದ ಬೆಳಿಗ್ಗೆ ಅವರು ಸೊಪ್ಪಿನ ಮಂಕರಿ ಹಿಡಿದು ಹೊಸಿಲಾಚೆಯೇ ನಿಂತಿದ್ದರು. ಮೊದಲ ಸೊಪ್ಪು ಹಾಕುವುದು ಯಾವತ್ತೂ ಅವರ ಕೈಯೇ.

“ಕರೀಬೇಕಾ ನಿಮ್ಮನ್ನ? ಬನ್ನಿ ಅತ್ತೆ, ಹುಳ ಹಸ್ಕೊಂಡವೆ” ಎಂದೆ.

ಒಳಗೆ ಬಂದು ಹಿಪ್ಪುನೇರಳೆ ಸೊಪ್ಪು ಉದುರಿಸಿದರು. ಆಮೇಲೆ ಹುಳುಗಳ ತಟ್ಟೆಯ ಮೇಲೆ ಬಗ್ಗಿ, ಮಗುವಿನ ತಲೆ ಮೂಸುವ ಹಾಗೆ, ಉಸಿರೆಳೆದುಕೊಂಡರು.

“ಹೆಂಗೈತೆ ವಾಸ್ನೆ? ಹೇಳೇ ಕಲ್ಯಾಣಿ.”

ನಾನೂ ತಟ್ಟೆಯ ಮೇಲೆ ಬಗ್ಗಿ ಮೂಸಿದೆ.

“ನಾನು ಮದ್ವೆಯಾಗಿ ಬಂದ ದಿನ ಅಳ್ತಾ ನಿಂತಿದ್ದೆ, ನೀವು ಸೆರಗಲ್ಲಿ ಕಣ್ಣೊರೆಸಿದ್ರಿ. ಅವತ್ತು ನಿಮ್ಮ ಸೆರಗಿನ ವಾಸ್ನೆ ಹಿಂಗೇ ಇತ್ತು ಅತ್ತೆ.”