ಹೇಮಪ್ಪ ಹೊಳೆಗೆ ಬಿಟ್ಟ ಅವ್ವ

ತಮ್ಮ ಹೇಮಪ್ಪ ಅವ್ವನ ಮೇಲೆ ಕತೆ ಬರೆದಿದ್ದಾನೆ, ಹಾವೇರಿಯ ಕಥಾಕಮ್ಮಟದಲ್ಲಿ ಓದುತ್ತಾನೆ, ಆಮೇಲೆ ಅದು ಪುಸ್ತಕದಲ್ಲಿ ಅಚ್ಚಾಗುತ್ತದೆ ಎಂದು ಕೇಳಿ ಮರಿಯವ್ವ ಬ್ಯಾಡಗಿಯಿಂದ ಮೊದಲ ಬಸ್ಸಿಗೇ ಬಂದಿದ್ದಳು. ತೀರಿಹೋದ ಅವ್ವನದೊಂದು ಫೋಟೋ ಕೂಡ ಇರಲಿಲ್ಲ. ಇದ್ದದ್ದು ಹೊಳೆಯ ಪ್ರಸಂಗವೊಂದೇ. ಅದನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳೂ ಮರಿಯವ್ವನೊಬ್ಬಳೇ. ತನ್ನ ನಂತರ ಕಾಗದದಲ್ಲಾದರೂ ಇರಲೆಂದು ತಮ್ಮನಿಗೆ ಕೂತು ಹೇಳಿ ಬರೆಸಿದ್ದಳು.

ಹೇಮಪ್ಪ ಎದ್ದು ನಿಂತು ಓದಿದ. ತಾಯಿ ದೇವರೆಂದ. ಕರುಣಾಮಯಿ ಎಂದ, ತ್ಯಾಗಮೂರ್ತಿ ಎಂದ, ಎರಡು ಪುಟದ ತುಂಬ ಅದನ್ನೇ ತಿರುವಿ ತಿರುವಿ ಅಂದ. ತಂಗಳು ಅಂಬಲಿಗಾದರೂ ಒಂದು ಹುಳಿಯಿರುತ್ತದೆ. ಇದಕ್ಕೆ ಅದೂ ಇರಲಿಲ್ಲ. ಕೊನೆಗೆ ಕೈಮುಗಿದು ಕುಳಿತ. ಹೊಳೆ ಬರಲೇ ಇಲ್ಲ.

“ಹೊಳಿ ಎಲ್ಲಿ ಹೋತೋ ಹೇಮ್ಯಾ?”

“ಬಿಟ್ಟೆ ಅಕ್ಕಾ.” ಅವನ ಮುಖದಲ್ಲಿ ವ್ರತ ಮುಗಿಸಿದವನ ಕಳೆಯಿತ್ತು. “ಬಾಳ ಪ್ರೀತಿ ಇದ್ದದ್ದನ್ನ ಕತಿಯಿಂದ ತಗೀಬೇಕು ಅಂತ ಮೇಡಮ್ಮಾರು ಹೇಳಿದ್ರು. ಕಾಶಿಗೆ ಹೋದವ್ರು ಪ್ರೀತಿದು ಬಿಟ್ಟು ಬರೂದಿಲ್ಲೇನು? ಹಂಗ. ಕದರಮಂಡಲಗಿ ಹನುಮಪ್ಪನ ಮುಂದ ಸಂಕಲ್ಪ ಮಾಡಿ, ಮೇಡ್ಲೇರಿಗೆ ಹೋಗಿ ಆ ಹಾಳಿ ಹೊಳ್ಯಾಗ ಬಿಟ್ಟು ಬಂದೇನಿ. ಅದರಷ್ಟು ಪ್ರೀತಿದು ನನಗ ಬ್ಯಾರೆ ಇದ್ದಿದ್ದಿಲ್ಲ.”

ಕಮ್ಮಟ ನಡೆಸುತ್ತಿದ್ದ ಪ್ರಿಯಂವದಾ ಹಣೆ ಹಿಡಿದುಕೊಂಡಳು. “ಹೇಮಪ್ಪನವರ, ಕತಿಗೆ ಬ್ಯಾಡಾದದ್ದು ಎಷ್ಟ ಪ್ರೀತಿದಿದ್ರೂ ತಗೀರಿ ಅಂದಿದ್ದೆ. ಕತಿನ ತಗೀರಿ ಅಂದಿದ್ದಿಲ್ರಿ!”

“ಕಾಶಿಗೆ ಹೋದ ಶಾಣ್ಯಾರು ಹಾಗಲಕಾಯಿ ಬಿಟ್ಟು ಬರ್ತಾರ,” ಎಂದಳು ಮರಿಯವ್ವ. “ಹಡದಾಕಿನ್ನ ಬಿಟ್ಟು ಬಂದವ ನೀ ಒಬ್ಬನ. ಈ ಎರಡು ಪುಟದ ಉಪದೇಶ ಯಾಕ ಉಳಿಸಿದ್ಯೋ?”

“ಅದರ ಮ್ಯಾಲೆ ನನಗ ಅಂಥಾ ಪ್ರೀತಿ ಇದ್ದಿಲ್ಲಕ್ಕಾ.”

“ಮತ್ತ ನಮಗ ಯಾಕ ಬಡಿಸಿದಿ?”

ಕುಳಿತವರೆಲ್ಲ ನಕ್ಕರು. ಹೇಮಪ್ಪ ಅವಸರದಿಂದ ಪೆನ್ನು ತೆಗೆದ. “ಇನ್ನೊಮ್ಮೆ ಹೇಳು, ಬರಕೋತೇನಿ.”

“ಛೀ! ದೇವರಿಗೆ ಬಿಟ್ಟದ್ದನ್ನ ತಿರುಗಿ ಎತ್ತಿಕೋತಾರೇನು? ಪೆನ್ನು ಮೇಡಮ್ಮಾರ ಕೈಯಾಗ ಕೊಡು.”

ಕೊಟ್ಟ. ಮರಿಯವ್ವ ಸೆರಗು ಸರಿಮಾಡಿಕೊಂಡು ಹೇಳತೊಡಗಿದಳು. ಹೊಳೆ ದಂಡೆಗಳನ್ನು ಮೀರಿತ್ತು. ತವರಿನಿಂದ ಮೇಡ್ಲೇರಿಗೆ ಹೊರಟಿದ್ದ ಅವ್ವನ ಬಗಲಲ್ಲಿ ಜ್ವರದಿಂದ ಕುದಿಯುವ ಕೂಸು, ಹೇಮಪ್ಪ. ಅಂಬಿಗ ಹರಿಗೋಲು ಬಿಚ್ಚಲು ಒಲ್ಲೆನೆಂದ. ಅವ್ವ ತವರವರು ತುಂಬಿದ ಉಡಿಯ ಅಕ್ಕಿಯನ್ನು ಹೊಳೆಗೆ ಸುರಿದಳು, ಆಮೇಲೆ ಸೊಂಟಕ್ಕೆ ಕೈಯಿಟ್ಟು ಹೊಳೆಯೊಂದಿಗೇ ಜಗಳಕ್ಕೆ ನಿಂತಳು: “ನೀನೂ ತಾಯಿ ಅನಿಸಿಕೋತಿ, ನಾನೂ ತಾಯಿ. ನಿನ್ನ ಉಡಿ ತುಂಬೇನಿ. ಇನ್ನ ಈ ಕೂಸಿಗೆ ಏನರ ಆತಂದ್ರ, ನಾಳಿಂದ ನಿನ್ನ ದಂಡಿಗೆ ಬಂದು ಅರಿಬಿ ಸುದ್ದಾ ಒಗಿಯೂದಿಲ್ಲ, ನೋಡಕೋ!” ಹೊಳೆ ಇಳಿಯಲಿಲ್ಲ. ಅಂಬಿಗ ನಾಚಿಕೊಂಡು ಹಗ್ಗ ಬಿಚ್ಚಿದ.

ಪ್ರಿಯಂವದಾ ತಲೆಯೆತ್ತದೆ ಬರೆಯುತ್ತಿದ್ದಳು. ಪಕ್ಕದಲ್ಲಿ ಹೇಮಪ್ಪ ಬಿಕ್ಕತೊಡಗಿದ.

“ಬಾಯಿ ಮುಚ್ಚಿಕೊಂಡು ಅಳು,” ಎಂದಳು ಅಕ್ಕ, “ಬರಿಯಾಕಿಗೆ ಕೇಳಸೂದಿಲ್ಲ.”