ಕೋರಸ್‌ನಲ್ಲಿ ಮೊದಲೇ ಬಂದವಳು

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ಆ ಭಾನುವಾರ ಅದನ್ನು ಕೆಣಕಿದ್ದು ನನ್ನ ಮೈದುನ.

ಹಾಲ್‌ನಲ್ಲಿ ಟರ್ನ್‌ಟೇಬಲ್ ಮುಂದಿಟ್ಟುಕೊಂಡು ಕೂತಿದ್ದ. ಹಳೇ ಕಾರ್ಟ್ರಿಜ್ ಬಿಚ್ಚಿಟ್ಟು ಹೊಸದನ್ನು ಜೋಡಿಸಿದ್ದ. ಹೆಬ್ಬೆರಳ ಉಗುರಿನಷ್ಟು ವಸ್ತು, ಅದರ ತುದಿಗೊಂದು ಸೂಜಿ. ಯಾವುದರಲ್ಲಿ ಹಾಡು ಚೆನ್ನಾಗಿ ಕೇಳುತ್ತೆ ಹೇಳಿ ಅಂತ ನನ್ನನ್ನೂ ಅತ್ತೆಯನ್ನೂ ಸೋಫಾದ ಮೇಲೆ ಕೂರಿಸಿದ್ದ.

"ಹಾಗಾದರೆ ನಮ್ಮಮ್ಮನ ರೆಕಾರ್ಡ್ ಹಾಕು" ಅಂದೆ.

"ಶುರುವಾಯ್ತಪ್ಪ" ಅಂತ ಅತ್ತೆ ನಕ್ಕರು.

ಅಮ್ಮ ಹುಡುಗಿಯಾಗಿದ್ದಾಗ ಆ ರೆಕಾರ್ಡಿನ ಕೋರಸ್‌ನಲ್ಲಿ ಹಾಡಿದ್ದಳು. ಕೊನೇ ಚರಣದಲ್ಲಿ ತಡೆಯಲಾರದೆ ಎಲ್ಲರಿಗಿಂತ ಮೊದಲೇ ಬಾಯಿಬಿಟ್ಟು ಬೈಸಿಕೊಂಡಳಂತೆ. ಆಮೇಲೆ ಯಾರೂ ಅವಳನ್ನು ಕರೆಯಲಿಲ್ಲ. ಕವರ್ ಮೇಲೆ ಕೋರಸ್‌ನವರ ಹೆಸರಿಲ್ಲ, ಹಳೇ ಸೂಜಿಯಲ್ಲಿ ಕೋರಸ್ ಬರೀ ಗುಂಯ್ ಅನ್ನೋ ಗದ್ದಲ. ಹಾಗಾಗಿ ಈ ಮನೆಯಲ್ಲಿ ಅಮ್ಮನಿಗೆ 'ಬಡಾಯಿ ಬೀಗಿತ್ತಿ' ಅಂತಲೇ ಹೆಸರು. ಅವಳು ಸತ್ತ ಮೇಲೂ ಬಿಡಲಿಲ್ಲ. ಅವಳು ಸುಳ್ಳಿಯಲ್ಲ ಅನ್ನೋದು ಒಂದೇ ಒಂದು ಸಲ ಇವರ ಕಿವಿಗೆ ಬೀಳಬೇಕಿತ್ತು ನನಗೆ.

"ಅತ್ತಿಗೆ, ಆ ಸವೆದ ರೆಕಾರ್ಡಿಗೆ ಹೊಸ ಸೂಜಿ ತಾಗಿಸೋ ಮಾತೇ ಇಲ್ಲ. ಸೂಜಿ ಹಾಳಾಗುತ್ತೆ."

"ಆದರೆ ಆಗಲಿ! ನಮ್ಮಮ್ಮ ಕೊಟ್ಟ ಟರ್ನ್‌ಟೇಬಲ್ ಬೇಕು, ಅವಳ ರೆಕಾರ್ಡ್ ಬೇಡವಾ? ತೆಗಿ ಕೈ."

ಸೆರಗಲ್ಲೇ ಧೂಳು ಒರೆಸಿ ರೆಕಾರ್ಡ್ ಇಟ್ಟೆ, ಸೂಜಿ ಇಳಿಸಿದೆ. ಮೈದುನ ತಲೆ ಮೇಲೆ ಕೈ ಹೊತ್ತು ನಿಂತ. ಹಳೇ ಸೂಜಿ ಉಜ್ಜದೆ ಬಿಟ್ಟ ಗೆರೆಗಳ ಆಳಕ್ಕೆ ಹೊಸದು ಇಳಿದಿರಬೇಕು, ಒಂದೊಂದು ದನಿಯೂ ಬಿಡಿಬಿಡಿಯಾಗಿ ಬಂತು. ಅವನೂ ಕೈ ಇಳಿಸಿ ಕಿವಿಗೊಟ್ಟ.

ಕೊನೇ ಚರಣ ಬಂತು. ಅವನು ಮುಖ ಕಿವುಚಿದ.

"ಥೂ, ಯಾರೋ ಒಬ್ಬಳು ಮೊದಲೇ ಎತ್ತಿಬಿಟ್ಟಳಲ್ಲ! ಇಂಥ ತಪ್ಪನ್ನ..." ಅಂದವನು ತಟ್ಟನೆ ನನ್ನ ಕಡೆ ತಿರುಗಿದ.

ನಾನು ಬಿಡಲಿಲ್ಲ. "ಜೋರಾಗಿ ಹೇಳಪ್ಪ, ಯಾರದು?" ಅಂದು ಸೂಜಿ ಎತ್ತಿ ಅದೇ ಜಾಗಕ್ಕೆ ಇಟ್ಟೆ. ಮತ್ತೆ ಅಮ್ಮ ಮೊದಲು, ಮಿಕ್ಕವರೆಲ್ಲ ಆಮೇಲೆ. ಇನ್ನೊಂದು ಸಲ ಇಟ್ಟೆ.

"ಸಾಕು, ಸೂಜಿ ಹೋಗುತ್ತೆ!" ಅಂತ ಮೈದುನ ಕೈ ಚಾಚಿದ.

ಅತ್ತೆ ಆ ಕೈಗೆ ಪಟ್ ಅಂತ ಹೊಡೆದರು.

"ಸುಮ್ನಿರೋ. ಬೀಗಿತ್ತಿ ಹಾಡ್ತಿದ್ದಾರೆ."